ದಳವಾಯಿಗೆ ಒಪ್ಪಿಸಿದ ಸುದ್ದಿ

“ಇನ್ನೊಂದ್ಸಲ,” ಎಂದರು ರೇಣುಕಾಪ್ರಸಾದ್ ಸಾರ್. “ಕೈ ನೆಟ್ಟಗ ಇಟ್ಕೋ. ಮುಖ ನಗ್ತಾ ಇರ್ಲಿ. ಹ್ಞೂಂ, ಹೇಳು.”

ಭುವನಾ ಕೈ ನೆಟ್ಟಗೆ ಮಾಡಿದಳು. ಮುಖ ಮಾತ್ರ ನಗಲಿಲ್ಲ.

“ನಮ್ಮ ಶಾಲೆಯಲ್ಲಿ ಸ್ವಚ್ಛವಾದ ಕುಡಿಯುವ ನೀರಿದೆ. ನಮ್ಮ ಶಾಲೆಯಲ್ಲಿ ಸ್ವಚ್ಛವಾದ...”

“ಸ್ವಚ್ಛವಾದ?”

“ಸ್ವಚ್ಛವಾದ ಶೌ... ಸಾರ್, ಮನೀಗೆ ಹೋಗಿ ಬರ್ಲೇನ್ರಿ?”

“ಈಗ್ಯಾಕ ಮನೀಗೆ?”

ಭುವನಾ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತಳು. ಹಿಂದಿನ ಸಾಲಿನಲ್ಲಿ ಪವಿತ್ರ ಕಿಸಕ್ಕನೆ ನಕ್ಕಳು. ನಕ್ಕರೆ ತನಗೂ ತಡೆಯುವುದಿಲ್ಲ ಎಂದು ಗೊತ್ತಾಗಿ ತಕ್ಷಣ ಬಾಯಿ ಮುಚ್ಚಿಕೊಂಡಳು.

ಸಾರ್‌ಗೆ ಅರ್ಥವಾಯಿತು. “ಓಡು, ಲಗೂನ ಬಾ,” ಎಂದು ಬಾಗಿಲ ಕಡೆ ಕೈ ತೋರಿಸಿದರು.

ಗಡಿಯಾಚೆ, ತೆಲುಗು ನಾಡಿನಲ್ಲಿರುವ ಕೋಟೆಕಲ್ಲು ಊರಿನ ಕನ್ನಡ ಶಾಲೆಗೆ ಎರಡು ಶೌಚಾಲಯಗಳಿವೆ. ಬಿಳಿ ಟೈಲ್ಸು, ನೀಲಿ ಬಾಗಿಲು, ಗೋಡೆಯ ಮೇಲೆ ಕೈ ತೊಳೆಯುವ ಹುಡುಗಿಯ ಚಿತ್ರ. ಅಷ್ಟು ಹೊಳೆಯುವ ಶೌಚಾಲಯ ಸುತ್ತಲ ಹತ್ತು ಊರಿನಲ್ಲಿಲ್ಲ. ಅದು ಹೊಳೆಯುವುದಕ್ಕೆ ಒಂದೇ ಕಾರಣ. ಅದನ್ನು ಯಾರೂ ಬಳಸುವುದಿಲ್ಲ.

ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸಾರ್ ಬೀಗ ತೆಗೆಯುತ್ತಾರೆ. ಮೊಬೈಲಿನಲ್ಲಿ ಎರಡು ಫೋಟೋ ಹೊಡೆಯುತ್ತಾರೆ. ಫೋಟೋ ಆ್ಯಪ್‌ಗೆ ಹೋಗುತ್ತದೆ. ಆ್ಯಪ್ ಹಸಿರು ಟಿಕ್ ಮಾಡುತ್ತದೆ. ಸಾರ್ ಮತ್ತೆ ಬೀಗ ಹಾಕಿ, ಕೀಲಿಕೈಯನ್ನು ಶರ್ಟಿನ ಜೇಬಿಗೆ ಇಳಿಸುತ್ತಾರೆ. ಆ್ಯಪ್‌ಗೂ ಸಂತೋಷ, ಶೌಚಾಲಯಕ್ಕೂ ಸಂತೋಷ.

ಹುಡುಗರು ಜಾಲಿ ಗಿಡಗಳ ಹಿಂದೆ ಹೋಗಿ ಬರುತ್ತಾರೆ. ಹುಡುಗಿಯರು ಏನು ಮಾಡುತ್ತಾರೆ? ಅವರು ನೀರು ಕುಡಿಯುವುದಿಲ್ಲ. ಬೆಳಿಗ್ಗೆ ಮನೆಯಲ್ಲಿ ಒಂದು ಗುಟುಕು, ಊಟದ ಹೊತ್ತಿಗೆ ಗಂಟಲು ನೆನೆಯುವಷ್ಟು, ಮತ್ತೆ ಸಂಜೆಗೆ. ಮನೆ ಹತ್ತಿರ ಇರುವವರು ಓಡಿಹೋಗಿ ಬರುತ್ತಾರೆ. ಭುವನಾಳ ಮನೆ ಊರಿನ ಆ ತುದಿ. ಪವಿತ್ರಳದು ಊರಾಚೆ, ಹೊಲದಲ್ಲಿ.

ಹೋದ ತಿಂಗಳು ಪವಿತ್ರಳಿಗೆ ಉರಿಮೂತ್ರವಾಗಿ ಜ್ವರ ಬಂತು. ಅವಳಪ್ಪ ಆಟೋದಲ್ಲಿ ಕಣೇಕಲ್ಲಿಗೆ ಕರೆದುಕೊಂಡು ಹೋದ. ಡಾಕ್ಟರು, “ನೀರು ಕುಡೀಬೇಕಮ್ಮ, ಚೆನ್ನಾಗಿ ನೀರು ಕುಡೀಬೇಕು,” ಎಂದು ಬೈದು ಕಳಿಸಿದರು. ವಾಪಸ್ಸು ಬಂದ ಪವಿತ್ರ ಎರಡು ದಿನ ದೊಡ್ಡ ಬಾಟಲಿ ತಂದಳು. ಮೂರನೇ ದಿನ ಬಾಟಲಿ ಮನೆಯಲ್ಲೇ ಉಳಿಯಿತು. ಕುಡಿದ ನೀರನ್ನು ಎಲ್ಲಿ ಬಿಡಬೇಕು ಎಂದು ಡಾಕ್ಟರು ಹೇಳಿರಲಿಲ್ಲ.

ಭುವನಾ ಓಡಿಹೋಗಿ ಬಂದು ಮತ್ತೆ ಕೈ ನೆಟ್ಟಗೆ ಮಾಡಿ ನಿಂತಳು. ಈ ಸಲ ಪೂರ್ತಿ ಹೇಳಿದಳು. ಸಾರ್ ಹಿಗ್ಗಿದರು.

“ಶಹಬ್ಬಾಸ್! ಸೋಮವಾರ ಮೇಡಂ ಮುಂದ ಹಿಂಗ ಹೇಳ್ಬೇಕು.”

“ಸಾರ್, ಹೇಳೋದು ದಳವಾಯಿಗೆ ಅಲ್ಲೇನ್ರಿ?”

“ದಳವಾಯಿಗೆ ಹೇಳು. ಮೇಡಂಗೂ ಕೇಳುವಂಗ ಹೇಳು,” ಎಂದರು ಸಾರ್.

*

ದಳವಾಯಿ ಎಂದರೆ ಸೇನೆಯ ಮುಖ್ಯಸ್ಥ. ಕೋಟೆಕಲ್ಲಿನ ಹಿಂದಿರುವ ಗುಡ್ಡದ ಮೇಲೆ ದಳವಾಯಿ ತಿಪ್ಪನಾಯಕನ ಸಮಾಧಿ ಇದೆ. ಪಾಳೆಯಗಾರರ ಕಾಲದ್ದು. ಎಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಒಂದು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಎದೆಯೆತ್ತರದ ಒಂದು ಕಲ್ಲು. ಅಷ್ಟೇ.

ಆ ಸಮಾಧಿಗೆ ಪೂಜೆ ಮಾಡುವವರು ಬೇರೆ. ಭುವನಾಳ ಮನೆಯವರ ಕೆಲಸವೇ ಬೇರೆ. ಅವರು ವರ್ಷಕ್ಕೊಮ್ಮೆ, ಕಾರ್ತಿಕದ ಕಡೇ ಸೋಮವಾರ, ಅಲ್ಲಿಗೆ ಹೋಗಿ ಕಲ್ಲಿನ ಮೇಲೆ ಬಲಗೈ ಇಟ್ಟು ಊರಿನ ಸುದ್ದಿ ಒಪ್ಪಿಸಬೇಕು. ಅದಕ್ಕೇ ಊರವರು ಅವರ ಮನೆಯನ್ನು ಸುದ್ದಿ ಮನೆ ಎನ್ನುತ್ತಾರೆ.

ಸುದ್ದಿಯಲ್ಲಿ ಸುಳ್ಳು ಇರಬಾರದು. ಕಟ್ಟುನಿಟ್ಟೆಂದರೆ ಅದೊಂದೇ.

ನಲವತ್ತು ವರ್ಷ ತಾತ ಪಂಚಾಕ್ಷರಯ್ಯನೇ ಸುದ್ದಿ ಒಪ್ಪಿಸಿದ. ಈಗ ಅವನ ಮೊಣಕಾಲು ಹೋಗಿವೆ. ಅವನ ಬದಲು ಭುವನಾಳ ಅಪ್ಪ ವಾಗೀಶ್ ಹತ್ತಬೇಕಿತ್ತು. ವಾಗೀಶ್ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಾನೆ. ಹೋದ ವರ್ಷ ಸರಿಯಾಗಿ ಅದೇ ಸೋಮವಾರ ಅವನಿಗೆ ಬೆನ್ನು ನೋವು ಬಂತು. ಈ ವರ್ಷ ಅರ್ಜೆಂಟ್ ಆರ್ಡರ್ ಬಂತು. ವರ್ಷದಲ್ಲಿ ಒಂದು ದಿನ ಇದ್ದದ್ದು ಇದ್ದಂತೆ ಹೇಳಬೇಕು ಎಂದರೆ ದೊಡ್ಡವರಿಗೆ ಏನಾದರೂ ಒಂದು ಬಂದುಬಿಡುತ್ತದೆ.

“ಗುಟ್ಕಾ ಬಿಟ್ಟೀನಿ ಅಂತ ನನ್ನ ಮುಂದ ಹೇಳ್ಬಹುದು. ದಳವಾಯಿ ಮುಂದ ಹೇಳಾಕ ಬರ್ತತೇನು?” ಎಂದಳು ಅಜ್ಜಿ ಕೊಟ್ರಮ್ಮ, ರೊಟ್ಟಿ ತಟ್ಟುತ್ತಾ.

ವಾಗೀಶ್ ಟಿವಿಯ ಸೌಂಡ್ ಜಾಸ್ತಿ ಮಾಡಿದ. ಹಾಗಾಗಿ ಈ ವರ್ಷದ ಪಾಳಿ ಭುವನಾಳಿಗೆ ಬಂತು.

ಪಾಳಿ ಬಂದಾಗ ಅವಳಿಗೆ ಹೆಮ್ಮೆಯೇ ಆಗಿತ್ತು. ಆದರೆ ಅದೇ ಹೊತ್ತಿಗೆ ಮೇಲಿನಿಂದ ಒಂದು ಸರ್ಕ್ಯುಲರ್ ಬಂತು. ಪ್ರತಿ ಶಾಲೆಯವರೂ ಹತ್ತಿರದ ಒಬ್ಬ ವೀರನ ಸಮಾಧಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಫೋಟೋ ಅಪ್‌ಲೋಡ್ ಮಾಡಬೇಕು. ಕೋಟೆಕಲ್ಲಿನ ದಳವಾಯಿಯನ್ನು ನೋಡಲು ಜಿಲ್ಲೆಯಿಂದಲೇ ಒಬ್ಬ ದೊಡ್ಡ ಮೇಡಂ ಬರುತ್ತಾರಂತೆ. ದಿನ ಕೂಡ ಅದೇ ಸೋಮವಾರ. ಸಾರ್ ಎರಡನ್ನೂ ಸೇರಿಸಿ ಒಂದೇ ಕಾರ್ಯಕ್ರಮ ಮಾಡಿದರು. ಸುದ್ದಿಯನ್ನೂ ತಾವೇ ಬರೆದುಕೊಟ್ಟರು.

ಭುವನಾ ಆ ಚೀಟಿಯನ್ನು ತಾತನ ಕೈಗೆ ಕೊಟ್ಟಳು. ತಾತ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದ.

“ನಿಮ್ಮ ಸಾರ್ ಅಕ್ಷರ ಭಾಳ ಚಲೋ ಅದಾವ,” ಎಂದ.

“ಅಕ್ಷರ ಅಲ್ಲ ತಾತ. ಅದ್ರಾಗ ಸುಳ್ಳು ಐತಿ.”

“ಹೌದೇನು? ಯಾವ್ದು?”

“ಶೌಚಾಲಯ ಸ್ವಚ್ಛ ಐತಿ ಅಂತ.”

“ಹೊಲಸು ಐತೇನು?”

ಭುವನಾ ಯೋಚಿಸಿದಳು. “ಸ್ವಚ್ಛನ ಐತಿ. ಆದ್ರ ಬೀಗ ಹಾಕ್ಯಾರ.”

ತಾತ ಕನ್ನಡಕ ತೆಗೆದ. “ನಮ್ಮ ಹಿರಿಯ ಏನು ತಪ್ಪು ಮಾಡಿದ್ದ ಅಂತ ನಿನಗ ಹೇಳೀನೇನು?”

“ದಳವಾಯಿಗೆ ಸುಳ್ಳು ಹೇಳಿದ್ದ.”

“ಊರಾಗ ಹಂಗ ಅಂತಾರ. ಸುಳ್ಳು ಹೇಳ್ಲಿಲ್ಲ ಅಂವ. ಕೇಳು.” ತಾತ ಗೋಡೆಗೆ ಒರಗಿದ. “ಆಗ ನಮ್ಮೋರು ಜೋಳಿಗಿ ಹಾಕ್ಕೊಂಡು ಊರೂರು ತಿರುಗ್ತಿದ್ರು. ಭಿಕ್ಷಾ ತರೋದು ಒಂದು ಕೆಲಸ, ಸುದ್ದಿ ತರೋದು ಇನ್ನೊಂದು. ಒಂದಿನ ದಳವಾಯಿ ಊಟಕ್ಕ ಕುಂತಿದ್ದ. ‘ಏನ್ರಯ್ಯಾ, ದಾರ್ಯಾಗ ವೈರಿಗಳು ಬರಾಕತ್ಯಾರೇನು?’ ಅಂತ ಕೇಳಿದ. ನಮ್ಮ ಹಿರಿಯ, ‘ದಾರ್ಯಾಗ ಒಂದು ನರಪಿಳ್ಳೀನೂ ಇಲ್ರಿ’ ಅಂದ.”

“ಅದು ಸುಳ್ಳಲ್ಲೇನು?”

“ಖರೇನ. ದಾರ್ಯಾಗ ಯಾರೂ ಇರ್ಲಿಲ್ಲ. ಒಣಗಿದ ಕೆರಿ ಅಂಗಳದಾಗ ಧೂಳು ಎದ್ದಿತ್ತು. ಅದನ್ನೂ ಅಂವ ನೋಡಿದ್ದ. ಅದನ್ನ ಹೇಳ್ಲಿಲ್ಲ.”

“ಯಾಕ?”

“ದಳವಾಯಿ ಸಿಟ್ಟಿನ ಮನುಷ್ಯ. ಊಟ ಮುಗೀಲಿ, ಆಮ್ಯಾಲೆ ಹೇಳಿದ್ರಾತು ಅಂದ್ಕೊಂಡ.”

ಊಟ ಮುಗಿಯುವಷ್ಟರಲ್ಲಿ ವೈರಿಗಳು ಕೆರೆಯ ಕಡೆಯಿಂದ ಬಂದುಬಿಟ್ಟಿದ್ದರು. ದಳವಾಯಿ ಕೋಟೆ ಬಾಗಿಲಲ್ಲಿ ನಿಂತು ಹೋರಾಡಿ ಬಿದ್ದ. ಅವನ ಜೊತೆ ನಲವತ್ತು ಜನ ಬಿದ್ದರು. ಸಾಯುವಾಗ ಅವನು ಜೋಳಿಗೆಯವನನ್ನು ಹತ್ತಿರ ಕರೆದು ಬೈಯಲಿಲ್ಲವಂತೆ. “ಇನ್ನ ಮ್ಯಾಲಾದ್ರೂ ಇದ್ದದ್ದು ಇದ್ದಂಗ ಹೇಳ್ರಿ,” ಎಂದನಂತೆ. ಅಂದಿನಿಂದ ಸುದ್ದಿ ಮನೆಯವರು ಹೇಳುತ್ತಲೇ ಇದ್ದಾರೆ.

“ಸಾರ್ ಬೈತಾರ, ತಾತ.”

“ಬೈಬಹುದು.”

“ನೀನಾಗಿದ್ರ ಏನ್ ಹೇಳ್ತಿದ್ದಿ?”

“ನಿಮ್ಮ ಸಾಲೀಗೆ ನಾನು ಹೋಗಿಲ್ಲಲ್ಲವ್ವಾ,” ಎಂದು ತಾತ ಚೀಟಿಯನ್ನು ಮಡಚಿ ಅವಳ ಕೈಗೇ ಕೊಟ್ಟ.

ಭುವನಾಳಿಗೆ ತಾತನ ಮೇಲೆ ಸಿಟ್ಟು ಬಂತು. ಸಾರ್ ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಆದರೆ ಅವರು ಕೆಟ್ಟವರಲ್ಲ. ಭಿನ್ನರಾಶಿ ತಲೆಗೆ ಹತ್ತದಿದ್ದಾಗ ತಮ್ಮ ಪಾಲಿನ ಕಡಲೆ ಚಿಕ್ಕಿಯನ್ನು ತಂದು, ಅರ್ಧ ಮಾಡಿ, ಕಾಲು ಮಾಡಿ, ಲೆಕ್ಕ ಮುಗಿದ ಮೇಲೆ ತಿನ್ನಲು ಕೊಟ್ಟವರು ಅವರೇ.

*

ಸೋಮವಾರ ಗುಡ್ಡದ ಗುರುತೇ ಸಿಗಲಿಲ್ಲ.

ಮೆಟ್ಟಿಲುಗಳಿಗೆ ಸುಣ್ಣ ಹೊಡೆದಿದ್ದರು. ಕಾರು ನಿಲ್ಲುವ ಕಡೆಯಿಂದ ಕಾಣುವ ಅರ್ಧಕ್ಕೆ ಮಾತ್ರ. ಮುಳ್ಳುಕಂಟಿ ಕಡಿದಿದ್ದರು. ಕಡಿದದ್ದನ್ನು ತಂದು ಹಿಂದಿನ ದಾರಿಯಲ್ಲಿ ಹಾಕಿದ್ದರಿಂದ, ದಿನಾ ಪೂಜೆಗೆ ಬರುವ ಮೈಲಾರಮ್ಮನಿಗೆ ದಾರಿಯೇ ಇರಲಿಲ್ಲ.

ತಿಪ್ಪನಾಯಕ ಹೇಗಿದ್ದ ಎಂಬುದು ಯಾರಿಗೂ ಗೊತ್ತಿಲ್ಲ. ರಾಯದುರ್ಗದ ಫ್ಲೆಕ್ಸ್ ಅಂಗಡಿಯವನಿಗೆ ಮಾತ್ರ ಗೊತ್ತಿತ್ತು. ಅವನು ದಳವಾಯಿಗೆ ಕೆಂಪು ಕೆನ್ನೆ, ಬಿಳಿ ಕುದುರೆ ಕೊಟ್ಟು ಹಿಂದೆ ಹಿಮದ ಬೆಟ್ಟಗಳನ್ನು ನಿಲ್ಲಿಸಿದ್ದ. ಕೋಟೆಕಲ್ಲಿನ ಬಿಸಿಲಿಗೆ ಆ ಹಿಮ ನೋಡಲು ತಂಪಾಗಿತ್ತು. ಫ್ಲೆಕ್ಸಿನಲ್ಲಿ ದಳವಾಯಿಗಿಂತ ಸರಪಂಚ್ ಓಬಳಪ್ಪನ ಮುಖ ದೊಡ್ಡದಿತ್ತು. ಕೋಟೆ ಉಳಿಸಲು ಹೋಗಿ ಸತ್ತವನು ಓಬಳಪ್ಪನೇ ಇರಬೇಕು ಎಂದು ಹೊಸಬರು ಅಂದುಕೊಳ್ಳುವಂತಿತ್ತು.

ಸಮಾಧಿಯ ಕಲ್ಲಿಗೂ ಪೇಂಟ್ ಬಿದ್ದಿತ್ತು. ಶಾಲೆಯ ಗೇಟಿಗೆ ಹೊಡೆದು ಉಳಿದ ನೀಲಿ ಪೇಂಟ್. ಬೆಳಿಗ್ಗೆಯಷ್ಟೇ ಹೊಡೆದಿದ್ದರು.

ಹತ್ತು ಗಂಟೆಗೆ ಬರಬೇಕಾದ ಮೇಡಂ ಹನ್ನೆರಡೂವರೆಗೆ ಬಂದರು. ಸಮುದ್ರದ ಕಡೆಯ ಊರಿನವರು. ಅವರಿಗೆ ತೆಲುಗು ಬಿಟ್ಟರೆ ಇಂಗ್ಲಿಷು ಬರುತ್ತದೆ, ಕನ್ನಡ ಮಾತ್ರ ಒಂದಕ್ಷರವೂ ಬರುವುದಿಲ್ಲ. ಬಿಸಿಲಿಗೆ ಮುಖ ಕೆಂಪಾಗಿತ್ತು. ಕೈಯಲ್ಲಿ ಒಂದು ನೀರಿನ ಬಾಟಲಿ ಇತ್ತು.

ತಾತನನ್ನು ಯಾರೋ ಬೈಕಿನಲ್ಲಿ ಕರೆತಂದು ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿದ್ದರು. ಭುವನಾ ಅವನ ಮುಖ ನೋಡಿದಳು. ಅವನು ಫ್ಲೆಕ್ಸ್ ನೋಡುತ್ತಿದ್ದ.

ಮೇಲೆ ಮೊದಲು ಶಾಲು, ಆಮೇಲೆ ಹಾರ, ಆಮೇಲೆ ಫೋಟೋ. ಫೋಟೋ ಅಪ್‌ಲೋಡ್ ಆಗಲಿಲ್ಲ, ಸಿಗ್ನಲ್ ಇರಲಿಲ್ಲ. ಎಲ್ಲರೂ ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದು ಸಮಾಧಿಯ ಸುತ್ತ ತಿರುಗಿದರು. ದೂರದಿಂದ ನೋಡಿದ ಮೈಲಾರಮ್ಮ ಇದೇನೋ ಹೊಸ ನಮೂನೆಯ ಪ್ರದಕ್ಷಿಣೆ ಎಂದುಕೊಂಡು ಕೈ ಮುಗಿದಳು.

“ಈಗ ಸುದ್ದಿ ಒಪ್ಪಿಸೋದು,” ಎಂದರು ಸಾರ್. ಹಾಗೆಂದರೇನು ಎಂದು ಮೇಡಂಗೆ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಮೇಡಂ ತಲೆಯಾಡಿಸಿದರು.

ಭುವನಾ ಮುಂದೆ ಬಂದು ಕಲ್ಲಿನ ಮೇಲೆ ಬಲಗೈ ಇಟ್ಟಳು. ಅಂಗೈ ಪಿಚಕ್ ಎಂದಿತು. ಪೇಂಟ್ ಒಣಗಿರಲಿಲ್ಲ. ಕೈ ತೆಗೆಯುವಂತಿರಲಿಲ್ಲ, ಸುದ್ದಿ ಮುಗಿಯುವವರೆಗೆ ಕೈ ತೆಗೆಯಬಾರದು.

“ದಳವಾಯೇರೆ, ಸುದ್ದಿ ಮನಿಯಿಂದ ಬಂದೀನ್ರಿ. ಇದ್ದದ್ದು ಇದ್ದಂಗ ಹೇಳ್ತೀನ್ರಿ,” ಎಂದಳು.

“ಈ ವರ್ಷ ಕೆರಿ ಮುಕ್ಕಾಲು ತುಂಬೇತಿ. ಊರಾಗ ಆರು ಕೂಸು ಹುಟ್ಯಾವ. ನಾಕು ಮಂದಿ ತೀರಿಕೊಂಡಾರ. ಕೆಳಗಿನ ಓಣಿ ಬೋರು ಕೆಟ್ಟೈತಿ. ನಮ್ಮಪ್ಪಗ ಬರಾಕ ಆಗಿಲ್ಲ. ಅರ್ಜೆಂಟ್ ಆರ್ಡರ್ ಐತಿ ಅಂದಾನ. ಗುಟ್ಕಾ ಬಿಟ್ಟಿಲ್ಲ.”

ಮಕ್ಕಳು ಮುಸಿಮುಸಿ ನಕ್ಕರು. ಇನ್ನು ಸಾರ್ ಚೀಟಿಯ ಮಾತು.

“ನಮ್ಮ ಸಾಲ್ಯಾಗ ಎರಡು ಶೌಚಾಲಯ ಅದಾವ. ಭಾಳ ಸ್ವಚ್ಛ ಅದಾವ.” ಅವಳು ನಿಂತಳು. ಸಾರ್ ನಗುತ್ತಾ ತಲೆಯಾಡಿಸಿದರು. “ಯಾಕಂದ್ರ ಅವಕ್ಕ ಬೀಗ ಹಾಕೇತಿ. ಫೋಟೋಕ್ಕ ಅಷ್ಟ ತೆಗೀತಾರ. ಹುಡುಗೇರು ನೀರು ಕುಡಿಯಂಗಿಲ್ಲ. ಪವಿತ್ರಗ ಜ್ವರ ಬಂದಿತ್ತು.”

ಗಾಳಿಗೆ ಫ್ಲೆಕ್ಸ್ ಪಟಪಟ ಎಂದಿತು. ಸರಪಂಚ್ ಕೆಮ್ಮಿದ. ಸಾರ್ ಮುಖದ ನಗು ಹಾಗೇ ಇತ್ತು, ಆದರೆ ಮೀಸೆಯ ಮೇಲೆ ಬೆವರು ಬಂದಿತ್ತು.

“ಏಮಂಟೋಂದಿ ಪಾಪ?” ಮಗು ಏನನ್ನುತ್ತಿದೆ ಎಂದು ಮೇಡಂ ಸಾರ್ ಅವರನ್ನು ಕೇಳಿದರು.

ಸಾರ್ ತೆಲುಗಿನಲ್ಲಿ ಹೇಳಿದರು. ಕೆರೆ ಮುಕ್ಕಾಲು ತುಂಬಿದೆಯಂತೆ. ಆರು ಕೂಸು ಹುಟ್ಟಿವೆಯಂತೆ. ಶಾಲೆಯಲ್ಲಿ ಎರಡು ಶೌಚಾಲಯ ಇವೆಯಂತೆ. ತುಂಬಾ ಸ್ವಚ್ಛವಾಗಿವೆಯಂತೆ.

ಅಲ್ಲಿಗೆ ನಿಲ್ಲಿಸಿದರು.

“ಬಾಗುಂದಿ, ಬಾಗುಂದಿ,” ಎಂದು ಮೇಡಂ ಚಪ್ಪಾಳೆ ತಟ್ಟಿದರು. ಸರಪಂಚ್ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು.

ಕೋಟೆಕಲ್ಲಿನಲ್ಲಿ ತೆಲುಗು ಬರದ ಮಗುವಿಲ್ಲ. ಸಾರ್ ಹೇಳಿದ್ದು ಭುವನಾಳಿಗೆ ಅಕ್ಷರಕ್ಕಕ್ಷರ ಅರ್ಥವಾಯಿತು. ಅದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ.

ಇನ್ನು ಕೈ ತೆಗೆಯಬಹುದಿತ್ತು. ದಳವಾಯಿಗೆ ಹೇಳಬೇಕಾದ್ದು ಹೇಳಿಯಾಗಿದೆ. ತಾತನ ಮಾತೂ ಉಳಿಯಿತು, ಸಾರ್ ಮಾನವೂ ಉಳಿಯಿತು. ಮೇಡಂ ಏನು ದಳವಾಯಿಯೇ?

ದಾರ್ಯಾಗ ಒಂದು ನರಪಿಳ್ಳೀನೂ ಇಲ್ರಿ. ಅದೂ ಸುಳ್ಳಾಗಿರಲಿಲ್ಲ.

ಭುವನಾ ಸಾಲಿನಲ್ಲಿ ನಿಂತಿದ್ದ ಪವಿತ್ರಳನ್ನು ನೋಡಿದಳು. ಬಿಸಿಲಿಗೆ ಅವಳ ತುಟಿ ಒಣಗಿ ಬೆಳ್ಳಗಾಗಿತ್ತು. ಅವಳೂ ಚಪ್ಪಾಳೆ ತಟ್ಟುತ್ತಿದ್ದಳು.

“ಮೇಡಂ,” ಎಂದಳು ಭುವನಾ. ಕೈ ಇನ್ನೂ ಕಲ್ಲಿನ ಮೇಲೇ ಇತ್ತು. “ಸಾರ್ ಸಗಮೇ ಚೆಪ್ಪಿನಾರು, ಮೇಡಂ.”

ಸಾರ್ ಅರ್ಧ ಮಾತ್ರ ಹೇಳಿದರು. ಉಳಿದರ್ಧವನ್ನು ಅವಳೇ ತೆಲುಗಿನಲ್ಲಿ ಹೇಳಿದಳು. ಬೀಗ, ಫೋಟೋ, ನೀರು, ಜ್ವರ. ಹೇಳುವಾಗ ಸಾರ್ ಕಡೆ ನೋಡಲಿಲ್ಲ. ನೋಡಿದರೆ ಅಳು ಬರುತ್ತಿತ್ತು.

ಮೇಡಂ, “ಬೆಳಿಗ್ಗೆಯಿಂದ ನೀನು ನೀರು ಕುಡಿದಿಲ್ಲವಾ?” ಎಂದು ತೆಲುಗಿನಲ್ಲಿ ಕೇಳಿದರು. ಭುವನಾ ಇಲ್ಲ ಎಂದು ತಲೆಯಾಡಿಸಿದಳು. ಆಗ ಅವಳ ಕಣ್ಣು ಮೇಡಂ ಕೈಯಲ್ಲಿದ್ದ ಬಾಟಲಿಯ ಮೇಲೆ ಬಿತ್ತು. ಬಾಟಲಿ ತುಂಬಿತ್ತು. ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ. ಈ ಬಿಸಿಲಿನಲ್ಲಿ, ಅಷ್ಟು ದೂರದಿಂದ ಬಂದವರು.

ಅವಳು ಬಾಟಲಿ ನೋಡಿದ್ದನ್ನು ಮೇಡಂ ಗಮನಿಸಿದರು. ಬಾಟಲಿಯನ್ನು ಮೆಲ್ಲಗೆ ಸೀರೆಯ ಮರೆಗೆ ಸರಿಸಿದರು.

“ತಾಳಂ ಚೆವಿ ಎವರಿ ದಗ್ಗರ ಉಂದಿ?” ಎಂದು ಕೇಳಿದರು.

ಕೀಲಿಕೈ ಯಾರ ಹತ್ತಿರ ಇದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಾರ್ ಶರ್ಟಿನ ಜೇಬಿಗೆ ಕೈ ಹಾಕಿದರು.

ಮೇಡಂ ಎಪ್ಪತ್ತೆರಡು ಮೆಟ್ಟಿಲು ಇಳಿದು, ನೆಟ್ಟಗೆ ಶಾಲೆಗೆ ನಡೆದು, ನೀಲಿ ಬಾಗಿಲು ತೆಗೆದು ಒಳಗೆ ಹೋದರು. ಹೊರಗೆ ಬಂದ ಮೇಲೆ ಕೈ ತೊಳೆದರು. ಆಮೇಲೆ ಬಾಟಲಿಯ ಸೀಲ್ ಒಡೆದು, ಎಲ್ಲರ ಎದುರೇ, ನಿಲ್ಲಿಸದೆ ಅರ್ಧ ಬಾಟಲಿ ನೀರು ಕುಡಿದರು. ನಾಳೆಯಿಂದ ಬೀಗ ಹಾಕಬೇಡಿ ಎಂದರು. ಗ್ರೂಪ್ ಫೋಟೋ ಆಯಿತು. ಕಾರು ಹೋಯಿತು.

ಸಾರ್ ಭುವನಾಳನ್ನು ಬೈಯಲಿಲ್ಲ. “ಭಾಗಾಕಾರ ತೆಗೀರಿ,” ಎಂದು ಕ್ಲಾಸ್ ಶುರು ಮಾಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು ಎಂದು ಭುವನಾಳಿಗೆ ಅನ್ನಿಸಿತು. ಬೋರ್ಡಿನ ಮುಂದೆ ನಿಂತವರ ಶರ್ಟಿನ ಜೇಬು ಬರಿದಾಗಿತ್ತು.

*

ಮಂಗಳವಾರ ಹುಡುಗಿಯರಿಗೆ ಹಬ್ಬ. ಎಲ್ಲರ ಬ್ಯಾಗಿನಲ್ಲೂ ಬಾಟಲಿ. ಪವಿತ್ರ ಅಂತೂ ಎರಡು ತಂದಿದ್ದಳು. ಬೇಕಿತ್ತೋ ಬೇಡವೋ, ಗಂಟೆಗೊಮ್ಮೆ ಎದ್ದು “ಸಾರ್, ಹೋಗಿ ಬರ್ಲೇನ್ರಿ?” ಎನ್ನುವುದೇ ಒಂದು ಖುಷಿ. ಸುದ್ದಿ ತಿಳಿದು ಹುಡುಗರೂ ಜಾಲಿ ಗಿಡ ಬಿಟ್ಟು ಬಂದರು.

ಬುಧವಾರ ಸಂಜೆಯ ಹೊತ್ತಿಗೆ ಬಿಳಿ ಟೈಲ್ಸ್ ಬಿಳಿಯಾಗಿರಲಿಲ್ಲ. ಮೂಗು ಮುಚ್ಚಿಕೊಂಡು ಓಡಿಬಂದ ಪವಿತ್ರ, “ಯಪ್ಪಾ, ಅದರ ವಾಸ್ನಿ!” ಎಂದಳು.

ಗುರುವಾರ ಭುವನಾ ಎಂಟೂ ಕಾಲಿಗೇ ಶಾಲೆಗೆ ಬಂದಳು. ಅಷ್ಟು ಬೇಗ ಯಾರೂ ಇರುವುದಿಲ್ಲ, ಗಲೀಜಾಗುವ ಮೊದಲೇ ಹೋಗಿ ಬರಬಹುದು ಎಂಬ ಲೆಕ್ಕ ಅವಳದು.

ಶೌಚಾಲಯದ ಕಡೆಯಿಂದ ಕರಕರ ಎಂದು ಉಜ್ಜುವ ಸದ್ದು ಬರುತ್ತಿತ್ತು. ಫಿನಾಯಿಲ್ ವಾಸನೆ. ಗೋಡೆಯ ಮೇಲೆ ಸಾರ್ ಮೊಬೈಲು, ಕೈಗಡಿಯಾರ, ಮಡಚಿಟ್ಟ ಶರ್ಟು. ಒಳಗೆ ಬನಿಯನ್ನಿನಲ್ಲಿ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ರೇಣುಕಾಪ್ರಸಾದ್ ಸಾರ್ ಕೂತು ಬ್ರಷ್ ಹಿಡಿದು ಉಜ್ಜುತ್ತಿದ್ದರು.

“ಸಾರ್!”

ಸಾರ್ ಬೆಚ್ಚಿ ಎದ್ದರು. ಬ್ರಷ್ ಕೆಳಗೆ ಬಿತ್ತು. “ನೀನ್ಯಾಕ ಇಷ್ಟು ಲಗೂ ಬಂದಿ?”

“ನೀವ್ಯಾಕ ತೊಳಿಯಾಕತ್ತೀರಿ, ಸಾರ್? ತೊಳಿಯೋ ನರಸಕ್ಕ ಬರಂಗಿಲ್ಲೇನ್ರಿ?”

“ನರಸಕ್ಕ ಮಗಳ ಊರಿಗೆ ಹೋಗಿ ವರ್ಷಾತು. ಬ್ಯಾರೇದೋರನ್ನ ಕೊಡ್ರಿ ಅಂತ ನಾಕು ಅರ್ಜಿ ಬರ್ದೀನಿ.” ಸಾರ್ ಬ್ರಷ್ ಎತ್ತಿಕೊಂಡರು. “ಬೀಗ ಇದ್ದಾಗ ಭಾನುವಾರಕ್ಕೊಮ್ಮೆ ತೊಳೆದ್ರ ಸಾಕಿತ್ತು. ಈಗ ದಿನಾ ತೊಳೀಬೇಕು. ಒಂಬತ್ತಕ್ಕ ಫೋಟೋ ಹೋಗ್ಬೇಕಲ್ಲ.”

ಭುವನಾ ಟೈಲ್ಸ್ ನೋಡಿದಳು. ಇಷ್ಟು ದಿನ ಅವು ಬೀಗ ಹಾಕಿದ್ದಕ್ಕೇ ಹೊಳೆಯುತ್ತವೆ ಎಂದು ಅವಳು ತಿಳಿದಿದ್ದಳು. ಪ್ರತಿ ಭಾನುವಾರ ಯಾರೋ ತೊಳೆಯುತ್ತಿದ್ದರು ಎಂಬುದು ತಲೆಗೇ ಹೊಳೆದಿರಲಿಲ್ಲ.

“ಆ್ಯಪ್‌ನ್ಯಾಗ ಹೇಳ್ಬೇಕಿತ್ತಲ್ರೀ, ಸಾರ್.”

“ಆ್ಯಪ್‌ನ್ಯಾಗ ಸ್ವಚ್ಛ ಐತೋ ಇಲ್ಲೋ ಅಂತ ಕೇಳ್ತಾರ. ಯಾರು ತೊಳೆದ್ರು ಅಂತ ಕೇಳಂಗಿಲ್ಲ. ಆ ಕಾಲಂ ಇಲ್ಲ.”

“ಮೇಡಂಗೆ?”

ಸಾರ್ ಮಗ್ಗಿನಿಂದ ನೀರು ಹುಯ್ದರು. ನೊರೆ ತೂಬಿನ ಕಡೆ ಹರಿಯಿತು.

“ಹೇಳ್ಬೇಕಿತ್ತು,” ಎಂದರು. “ಅಷ್ಟು ದೂರದಿಂದ ಬಂದಾರ, ಹಾರ ಹಾಕೋ ಹೊತ್ತಿನ್ಯಾಗ ಇದನ್ನೆಲ್ಲಾ ಯಾಕ, ಆಮ್ಯಾಲೆ ಹೇಳಿದ್ರಾತು ಅಂದ್ಕೊಂಡೆ.”

ಆಮ್ಯಾಲೆ ಹೇಳಿದ್ರಾತು. ಭುವನಾ ಆ ಮಾತನ್ನು ಮೊದಲು ಎಲ್ಲಿ ಕೇಳಿದ್ದಳೋ ನೆನಪಾಯಿತು. ಊಟಕ್ಕೆ ಕೂತ ದಳವಾಯಿ, ಅವನ ಮುಂದೆ ಜೋಳಿಗೆ ಹಿಡಿದು ನಿಂತ ತನ್ನ ಮುತ್ತಾತನ ಮುತ್ತಾತ. ಇಷ್ಟು ದಿನ ಅವನನ್ನು ಮೋಸಗಾರ ಎಂದೇ ಅಂದುಕೊಂಡಿದ್ದಳು. ಈಗ ಅವನ ಮೀಸೆಯ ಮೇಲೂ ಬೆವರು ಕಂಡಿತು.

ಅವಳು ಮೂಲೆಯಲ್ಲಿದ್ದ ಬಕೆಟ್ ಎತ್ತಿಕೊಂಡು ನಲ್ಲಿಯ ಕಡೆ ಹೊರಟಳು.

“ಏಯ್, ಇಡು ಇಡು!” ಸಾರ್ ಗಾಬರಿಯಾದರು. “ಮಕ್ಕಳ ಕೈಲಿ ಶೌಚಾಲಯ ತೊಳಿಸಿದ್ರಂತ ನಾಳೆ ಪೇಪರ್‌ನ್ಯಾಗ ನನ್ನ ಫೋಟೋ ಬರ್ತತಿ. ನೀನು ಕ್ಲಾಸಿಗೆ ಹೋಗು. ಮತ್ತ, ಭುವನಾ...”

“ಏನ್ರಿ ಸಾರ್?”

“ಇದನ್ನ ಯಾರಿಗೂ ಹೇಳ್ಬ್ಯಾಡ.”

ಭುವನಾ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನಲ್ಲಿಯಲ್ಲಿ ಬಕೆಟ್ ತುಂಬಿಸಿ ಬಾಗಿಲ ಹೊರಗೆ ಇಟ್ಟು ಹೋದಳು. ಹೊರಗೆ ಇಟ್ಟರೆ ಅದು ತೊಳೆದಂತೆ ಆಗುವುದಿಲ್ಲ.

ಅವತ್ತು ಶಾಲೆ ಬಿಟ್ಟ ಮೇಲೆ ಅವಳು ಮನೆಗೆ ಹೋಗಲಿಲ್ಲ. ಗುಡ್ಡದ ಕಡೆ ನಡೆದಳು. ಫ್ಲೆಕ್ಸ್ ಒಂದು ಬದಿ ಹರಿದು ದಳವಾಯಿಯ ಕುದುರೆ ನೆಲದ ಮೇಲೆ ಮಲಗಿತ್ತು. ಓಬಳಪ್ಪ ಇನ್ನೂ ನಗುತ್ತಿದ್ದ. ಹಿಂದಿನ ದಾರಿಯ ಮುಳ್ಳನ್ನು ಮೈಲಾರಮ್ಮ ತಾನೇ ಎಳೆದು ಪಕ್ಕಕ್ಕೆ ಹಾಕಿದ್ದಳು.

ಸಾರ್ ಯಾರಿಗೂ ಹೇಳಬೇಡ ಎಂದಿದ್ದಾರೆ. ಆ ಯಾರಲ್ಲಿ ದಳವಾಯಿ ಸೇರುತ್ತಾನೋ ಇಲ್ಲವೋ ಎಂದು ಭುವನಾ ಎಪ್ಪತ್ತೆರಡು ಮೆಟ್ಟಿಲೂ ಯೋಚಿಸಿದಳು. ಸೇರುವುದಿಲ್ಲ ಎಂದು ಕಡೇ ಮೆಟ್ಟಿಲಿನಲ್ಲಿ ತೀರ್ಮಾನವಾಯಿತು. ಮೇಡಂಗೆ ಹೇಳುವ ವಿಷಯ ಏನು ಮಾಡಬೇಕೋ ತಾತನನ್ನು ಕೇಳಬೇಕು. ಇವತ್ತು ರಾತ್ರಿಯೇ ಕೇಳಬೇಕು, ಆಮೇಲೆ ಎನ್ನುವಂತಿಲ್ಲ.

ಪೇಂಟ್ ಈಗ ಒಣಗಿತ್ತು. ಕಲ್ಲಿನ ಮೇಲೆ ಅವಳ ಅಂಗೈಯ ಗುರುತು ಐದು ಬೆರಳಿನ ಸಮೇತ ಹಾಗೇ ಉಳಿದಿತ್ತು. ಅವಳು ಕೈಯನ್ನು ಸರಿಯಾಗಿ ಅದರೊಳಗೇ ಇಟ್ಟಳು.

“ದಳವಾಯೇರೆ, ಸುದ್ದಿ ಮನಿಯಿಂದ ಬಂದೀನ್ರಿ.”

ಹತ್ತಿ ಬಂದ ದಣಿವಿಗೆ ಗಂಟಲು ಒಣಗಿತ್ತು. ಎಡಗೈಯಿಂದ ಬಾಟಲಿ ತೆಗೆದು, ಹಲ್ಲಿನಿಂದ ಮುಚ್ಚಳ ತಿರುವಿ, ಗಟಗಟ ನೀರು ಕುಡಿದಳು. ಬಲಗೈ ಮಾತ್ರ ಕಲ್ಲಿನಿಂದ ಎತ್ತಲಿಲ್ಲ.

“ಸೋಮವಾರ ನಾನೂ ಅರ್ಧನ ಹೇಳಿದ್ದೆ. ಉಳಿದರ್ಧ ತಂದೀನ್ರಿ,” ಎಂದಳು ಭುವನಾ. “ನಮ್ಮ ಸಾರ್ ಅದಾರಲ್ರಿ, ರೇಣುಕಾಪ್ರಸಾದ್ ಸಾರ್...”